ಬಲ್ಮಠದ ಗುಡ್ಡದಲ್ಲಿ ಒಂದು ದಿನ

ಧಾರವಾಡದ ನಮ್ಮ ಕ್ರೈಸ್ತ ಸಭೆಯ ಯೌವನಸ್ಥರನ್ನು ಮಂಗಳೂರಿಗೆ ಕರೆದೊಯ್ಯಬೇಕೆಂಬ ಆಸೆ ಹಳೆಯದು. ಇವರಿಗೆ ಕಿಟೆಲ್ ಅಂದರೆ ಊರಿನ ಒಂದು ಕಾಲೇಜಿನ ಹೆಸರು, ಅಷ್ಟೆ. "ನಿಮ್ಮದು ಹೊರಗಿನ ಧರ್ಮ ಅಲ್ವಾ?" ಅಂತ ಗೆಳೆಯರು ಕೇಳಿದರೆ ಸುಮ್ಮನಾಗಿಬಿಡುತ್ತಾರೆ. ಆಮೇಲೆ ಭಾನುವಾರದ ಆರಾಧನೆಗೂ ಬರುವುದು ಕಡಿಮೆಯಾಗುತ್ತದೆ. ನನ್ನನ್ನು ಕಾಡುತ್ತಿದ್ದದ್ದು ಇದೇ.

ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದೆವು. ನೀರುದೋಸೆ ತಿಂದು ನೇರ ಬಲ್ಮಠಕ್ಕೆ ಹೋದೆವು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್. ಅದರ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಬಳಗ ನೆಲೆ ನಿಂತ ಈ ಗುಡ್ಡದಲ್ಲಿ ಈಗ ಶಾಂತಿ ಕೆಥೆಡ್ರಲ್ ಇದೆ, ಕರ್ನಾಟಕ ಥಿಯಾಲಾಜಿಕಲ್ ಕಾಲೇಜೂ ಇದೆ. ಕಾಲೇಜಿನ ಹಳೆಯ ಪುಸ್ತಕಗಳನ್ನು ನೋಡಲು ಮೊದಲೇ ಕೇಳಿಕೊಂಡಿದ್ದೆವು.

ಮೇಜಿನ ಮೇಲೆ ಕಿಟೆಲ್ ನಿಘಂಟು ತೆರೆದಿಟ್ಟರು. ಹಾಳೆ ಹಳದಿಗಟ್ಟಿದೆ, ಅಂಚು ಪುಡಿಯಾಗುತ್ತಿದೆ, ಅಕ್ಷರ ಮಾತ್ರ ಇನ್ನೂ ಕಪ್ಪಗೆ ಎದ್ದು ಕಾಣುತ್ತದೆ. ಇದೇ ಮಿಷನ್ನಿನ ಜರ್ಮನ್ ಬೋಧಕ ಕಿಟೆಲ್ ಇಂಡಿಯಾಕ್ಕೆ ಬಂದದ್ದು 1853ರಲ್ಲಿ. ನಿಘಂಟು ಅಚ್ಚಾದದ್ದು 1894ರಲ್ಲಿ, ಇದೇ ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ. ಸುಮಾರು 70,000 ಪದಗಳು. ಕವಿಗಳ ಸಾಲು, ಹಳ್ಳಿಯ ಗಾದೆ, ಎಲ್ಲವೂ ಅದರಲ್ಲಿವೆ. ಕೇಶಿರಾಜನ ಹಳಗನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನೂ ಅವರು ಸಂಪಾದಿಸಿ ಅಚ್ಚು ಹಾಕಿಸಿದರು. ಇದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದರು. ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದವರು ಅವರೇ.

ಇಲ್ಲಿ ನಾನು ಬಹಳ ಹೊತ್ತು ನಿಂತೆ. ಸುವಾರ್ತೆ ಸಾರಲು ಬಂದವರು ನೆರೆಯವರ ಹಾಡನ್ನು ಇಷ್ಟು ಅಕ್ಕರೆಯಿಂದ ಜೋಪಾನ ಮಾಡಿದ್ದಾರೆ. ನಂಬಿಕೆ ಗಟ್ಟಿಯಾಗಿದ್ದವನಿಗೆ ಪಕ್ಕದವರ ಪುಸ್ತಕದ ಭಯ ಇರುವುದಿಲ್ಲ. ಇವತ್ತು ನಮ್ಮ ಸಭೆಗಳಿಗೆ ಬೇಕಾಗಿರುವುದು ಈ ಧೈರ್ಯವೇ ಅಂತ ನನಗೆ ಅನ್ನಿಸಿತು.

ಆದರೆ ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಒಂದು ಹಂಚು. ಹಳೆಯ ಮನೆಯೊಂದರ ಗೋಡೆಗೆ ಒರಗಿಸಿ ಜೋಡಿಸಿಟ್ಟಿದ್ದರು. ನಮ್ಮ ಹುಡುಗಿಯೊಬ್ಬಳು ಒಂದನ್ನು ಮಗುಚಿ ಪಾಚಿ ಉಜ್ಜಿದಳು. ಬಾಸೆಲ್ ಮಿಷನ್ ಎಂಬ ಉಬ್ಬಕ್ಷರ ಕಂಡಿತು. ಕ್ರೈಸ್ತರಾದವರಿಗೆ ಆಗ ಮನೆಯೂ ಹೋಗುತ್ತಿತ್ತು, ಕುಲದ ಕಸುಬೂ ಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆ ಮಿಷನ್ ನೇಯ್ಗೆ ಶುರುಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. "ಹಾಗಾದ್ರೆ ಇದನ್ನು ಮಾಡಿದ್ದು ನಮ್ಮವರೇ ಅಲ್ವಾ ಅಂಕಲ್?" ಅಂತ ಅವಳು ಕೇಳಿದಳು. ಹೌದಮ್ಮಾ ಅಂದೆ.

ಆಗ ಆನಂದರಾವ್ ಕೌಂಡಿನ್ಯರ ಕಥೆ ಹೇಳಿದೆ. ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, 1844ರಲ್ಲಿ ಮಂಗಳೂರಿನಲ್ಲೇ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದವರು. ಊರಲ್ಲಿ ದೊಡ್ಡ ಗಲಾಟೆಯಾಯಿತು. ಅವರು ಹಿಂದೆ ಸರಿಯಲಿಲ್ಲ. ಬಾಸೆಲ್‌ಗೆ ಹೋಗಿ ಓದಿ, ಬೋಧಕರಾಗಿ ಇದೇ ನಾಡಿಗೆ ಮರಳಿದರು. ಹುಡುಗರು ತಮ್ಮದೇ ವಯಸ್ಸಿನವನ ಕಥೆ ಅಂತ ಕಿವಿಗೊಟ್ಟು ಕೇಳಿದರು.

ಮಧ್ಯಾಹ್ನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದೆವು. ಕಥೋಲಿಕರ ಜೆಸ್ವಿಟ್ ಸಂಘದ ಇಟಲಿಯ ಬ್ರದರ್ ಮೋಸ್ಕೆನಿ ಬರೆದ ಚಿತ್ರಗಳು ಗೋಡೆ, ಚಾವಣಿ ತುಂಬ ಇವೆ. ಕತ್ತೆತ್ತಿ ನೋಡಿದಷ್ಟೂ ಸಾಲದು. ಕಥೋಲಿಕರು, ಪ್ರೊಟೆಸ್ಟೆಂಟರು ಅನ್ನುವ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ವಾಪಸಾಗುವಾಗ ಬಸ್ಸಿನಲ್ಲಿ ಯಾರೂ ಬೇಗ ನಿದ್ದೆ ಮಾಡಲಿಲ್ಲ. ತಮ್ಮ ಮನೆತನದಲ್ಲಿ ಮೊದಲು ನಂಬಿದವರು ಯಾರು, ಯಾವ ಊರಿನವರು ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಹಳ ಜನಕ್ಕೆ ಗೊತ್ತಿರಲಿಲ್ಲ. ಈಗ ನಮ್ಮ ಸಭಾಪಾಲಕರಾದ ಅಯ್ಯನವರ ಅನುಮತಿ ಪಡೆದು, ನಮ್ಮ ದೇವಾಲಯದ ಹಳೆಯ ದೀಕ್ಷಾಸ್ನಾನದ ರಿಜಿಸ್ಟರನ್ನು ಯೌವನಸ್ಥರೇ ಕೂತು ನಕಲು ಮಾಡುತ್ತಿದ್ದಾರೆ.