ಪಾರ್ಕಿನ ಕಲ್ಲುಬೆಂಚಿನ ಸಭೆ

ಇವತ್ತು ಬೆಳಿಗ್ಗೆ ಪಾರ್ಕಿನಲ್ಲಿ ನಮ್ಮ ಬೀದಿಯವರು ಹನ್ನೆರಡು ಜನ ಸೇರಿದ್ದೆವು. ತಿರುವಿನ ಬೀದಿದೀಪ ಕೆಟ್ಟು ಎಷ್ಟೋ ದಿನವಾಗಿದೆ. ಪಕ್ಕದ ಮನೆ ಅಜ್ಜಿ ಸಂಜೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಅದು ಕೇಳಿ ತುಂಬಾ ಬೇಜಾರಾಯಿತು. ಅಲ್ಲೇ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ದೂರಿನ ಸಂಖ್ಯೆಯನ್ನು ಎಲ್ಲರೂ ಬರೆದಿಟ್ಟುಕೊಂಡೆವು. ಒಣಕಸ ಸಂಗ್ರಹ ಕೇಂದ್ರ ಎಲ್ಲಿದೆ ಅಂತ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ.

ಬೆಂಗಳೂರಿನ ಹಳೆಯ ಮಹಾನಗರ ಪಾಲಿಕೆ ಬಿಬಿಎಂಪಿಯ ಕೊನೆಯ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ವಾರ್ಡ್ ಗಡಿಗಳೂ ಬದಲಾದವು. ನಮ್ಮ ಮನೆ ಈಗ ಯಾವ ವಾರ್ಡಿಗೆ ಸೇರಿದೆ ಅಂತಾದರೂ ನಮಗೆ ಗೊತ್ತಿರಬೇಕು ಅಲ್ವಾ?

ಮುಂದಿನ ಶನಿವಾರ ಮತ್ತೆ ಸೇರುತ್ತೇವೆ. ಅಜ್ಜಿ ಎಲ್ಲರಿಗೂ ಕಾಫಿ ತರುತ್ತಾರಂತೆ.