ಬತ್ತೇರಿಯ ಗೋಡೆಯ ಗೋಳಿ ಗಿಡ

ಬೊಕ್ಕಪಟ್ಣದ ದೊಡ್ಡಮ್ಮನ ಮನೆಗೆ ಹೋದಾಗಲೆಲ್ಲ ನಾನು ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಗೆ ಹೋಗಿ ಬರುತ್ತೇನೆ. ಕೋಟೆ ಅಂದುಕೊಂಡು ಬಂದವರು "ಇಷ್ಟೇನಾ?" ಅಂತ ಕೇಳುತ್ತಾರೆ. ಇದು ಕೋಟೆ ಅಲ್ಲ, ಕಾವಲು ಬುರುಜು. ಫಿರಂಗಿ ಇಟ್ಟು ನದಿ ಕಾಯುವ ಜಾಗ.

ಮೇಲೆ ಹತ್ತಿ ನಿಂತರೆ ವಿಷಯ ಅರ್ಥವಾಗುತ್ತದೆ. ಎದುರಿಗೆ ಗುರುಪುರ ನದಿ, ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಕಡಲು. ಇಲ್ಲಿ ನದಿ ಕಡಲಿಗೆ ಸಮಾನಾಂತರವಾಗಿ ಹರಿಯುತ್ತದೆ, ನಡುವೆ ಇರುವುದು ಉದ್ದನೆಯ ಮರಳಿನ ಪಟ್ಟಿ ಅಷ್ಟೇ. ಅಳಿವೆ ಬಾಯಿಯಿಂದ ನುಗ್ಗಿದ ಹಡಗು ನದಿಯಲ್ಲೇ ಮೇಲಕ್ಕೆ ಬರಬೇಕು, ಅದಕ್ಕೇ ಗೋಡೆಯ ಕಿಂಡಿಗಳಲ್ಲಿ ಫಿರಂಗಿ ಇಡಲು ಜಾಗ ಬಿಟ್ಟಿದ್ದಾರೆ. ಕೆಳಗೆ ಮದ್ದು ಇಡುವ ನೆಲಮಾಳಿಗೆ ಇದೆ.

ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಹಿಂದಿನ ವರ್ಷವಷ್ಟೇ ಇಂಗ್ಲಿಷರು ಮಂಗಳೂರು ಹಿಡಿದಿದ್ದರು, ಅದನ್ನು ಬಿಡಿಸಿಕೊಳ್ಳಲು ಅವನು ತಿಂಗಳುಗಟ್ಟಲೆ ಮುತ್ತಿಗೆ ಹಾಕಬೇಕಾಯಿತು. 1784ರ ಜನವರಿಯಲ್ಲಿ ಇಂಗ್ಲಿಷರ ದಳಪತಿ ಕರ್ನಲ್ ಕ್ಯಾಂಪ್‌ಬೆಲ್ ಶರಣಾದ, ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಆಯಿತು. ಹೈದರ್ ಕಾಲದಿಂದಲೂ ಹಡಗು ಕಟ್ಟುತ್ತಿದ್ದ ಬಂದರು ಇದು. ಒಮ್ಮೆ ಕೈ ತಪ್ಪಿದ ಬಂದರನ್ನು ಯಾರು ತಾನೇ ಕಾವಲಿಲ್ಲದೆ ಬಿಡುತ್ತಾರೆ?

ಈ ಸಲ ಹೋಗಿದ್ದು ಮಳೆ ನಿಂತ ಮೇಲೆ. ಕರಿಕಲ್ಲಿನ ಸಂದಿಯಲ್ಲಿ ಒಂದು ಗೋಳಿ (ಆಲದ ಜಾತಿಯ) ಗಿಡ, ಗೇಣುದ್ದ, ನಾಲ್ಕೈದು ಎಲೆ. ನೋಡಲು ಚೆಂದವೇ. ಆದರೆ ನಮ್ಮೂರಿನ ಹಳೇ ಗೋಡೆಗಳಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಮೊಳೆತು, ಬೇರು ದಪ್ಪವಾಗುತ್ತಾ ಕಲ್ಲನ್ನು ಹೊರಗೆ ತಳ್ಳುತ್ತದೆ, ಆ ಸಂದಿಗೆ ಮಳೆನೀರು ಇಳಿಯುತ್ತದೆ. ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ದಪ್ಪವಾದ ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ. ಹಾಗಾಗಿ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ, ಬೇರು ಇನ್ನೂ ಎಳೆಯದಾಗಿರುವಾಗಲೇ ತಿಳಿದವರು ತೆಗೆಯಬೇಕು. ಸಂದಿಗೆ ಸಿಮೆಂಟ್ ಮೆತ್ತುವುದಂತೂ ಬೇಡವೇ ಬೇಡ. ಹಳೇ ಗೋಡೆ ಕುಡಿದ ನೀರು ಸುಣ್ಣದ ಗಾರೆಯಲ್ಲಾದರೆ ಆರಿ ಹೋಗುತ್ತದೆ, ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಊರಲ್ಲಿ ಇದು ಸಣ್ಣ ಮಾತಲ್ಲ.

ಕಲ್ಲಿನ ಮೇಲೆ ಹೆಸರು ಕೆತ್ತುವವರಿಗೂ ಒಂದು ಮಾತು, ದಯವಿಟ್ಟು ಬೇಡ.

ಆ ಗಿಡದ ಫೋಟೋ ತೆಗೆದುಕೊಂಡಿದ್ದೇನೆ, ಎಲೆ ಎಷ್ಟು, ಯಾವ ಕಲ್ಲಿನ ಪಕ್ಕ ಅಂತ ಬರೆದಿಟ್ಟಿದ್ದೇನೆ. ಗಿಡ ತೆಗೆಸಿ ಅಂತ ಸಂಬಂಧಪಟ್ಟ ಇಲಾಖೆಗೆ ಬರೆಯುವ ಅರ್ಜಿ ಜೊತೆ ನಾಳೆ ಕಳಿಸುತ್ತೇನೆ.