ಜಿಪ್ಸಿಗೆ ಹೊಸ ಬುಷ್, ಮತ್ತು ಒಂದು ಮಿಲಿಮೀಟರ್ ತಲೆನೋವು

ಕೊಟ್ಟಿಗೆಹಾರದ ಕಡೆಯಿಂದ ನಮ್ಮ ತೋಟಕ್ಕೆ ಬರುವ ಕೊನೆಯ ಮೂರು ಕಿಲೋಮೀಟರ್ ಹೆಸರಿಗಷ್ಟೇ ರಸ್ತೆ. ಮಳೆಗಾಲ ಮುಗಿಯುವ ಹೊತ್ತಿಗೆ ಕಲ್ಲೆಲ್ಲ ಎದ್ದು ಕೂತಿರುತ್ತವೆ. ಆ ದಾರಿಯಲ್ಲೇ ನಮ್ಮ 2004ರ ಮಾರುತಿ ಜಿಪ್ಸಿ ಕಿಂಗ್ ಜೀಪು ಈ ವರ್ಷ ಕಟಕ್ ಅನ್ನೋಕೆ ಶುರು ಮಾಡಿತು. ಬ್ರೇಕ್ ಒತ್ತಿದರೆ ಒಂದು ಕಟಕ್, ಬಿಟ್ಟರೆ ಇನ್ನೊಂದು. ಜೊತೆಗೆ ಬ್ರೇಕ್ ಹಾಕಿದಾಗಲೆಲ್ಲ ಎಡಕ್ಕೆ ಎಳೀತಿತ್ತು.

ನಾನು ಶಾಕ್ ಅಬ್ಸಾರ್ಬರ್ ಹೋಗಿದೆ ಅಂದುಕೊಂಡಿದ್ದೆ. ಭಾವ ಬಂದವರು ಗಾಡಿ ಕೆಳಗೆ ಬಗ್ಗಿ ನೋಡಿದರು. ಭಾವ ಇಪ್ಪತ್ತು ವರ್ಷ ಲಾರಿ ಇಟ್ಟವರು. ತೋಟದ ಹಾರೆ ತಂದು, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗ್‌ಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿದರು. ಸ್ಪ್ರಿಂಗ್ ಒಂದು ಬೆರಳಿನಷ್ಟು ಅಲ್ಲಾಡಿತು.

"ಇದರಲ್ಲಿ ರಬ್ಬರ್ ಅನ್ನೋದೇ ಇಲ್ವಲ್ಲೋ ಮಾರಾಯ. ಕಬ್ಬಿಣಕ್ಕೆ ಕಬ್ಬಿಣ ಹೊಡೀತಿದೆ."

ಜಿಪ್ಸಿಯಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಮುಂದೆ, ಹಿಂದೆ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗೇ. ಪ್ರತಿ ಸ್ಪ್ರಿಂಗಿನ ತುದಿಯಲ್ಲಿ ಬಳೆಯ ಹಾಗೆ ಸುತ್ತಿರುತ್ತೆ, ಅದರೊಳಗೆ ಬುಷ್, ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ಕೂರಿಸಿದ ರಬ್ಬರಿನ ಕೊಳವೆ. ಒಂದು ತುದಿ ಚಾಸಿಗೆ ನೇರವಾಗಿ ಬೋಲ್ಟಲ್ಲಿ ಕೂರುತ್ತೆ. ಇನ್ನೊಂದು ತುದಿ ತೂಗುವ ಕೊಂಡಿಯಾದ ಶ್ಯಾಕಲ್‌ನಲ್ಲಿ ಜೋತಾಡುತ್ತೆ. ಸ್ಪ್ರಿಂಗ್ ಒತ್ತಿದಾಗ ಉದ್ದ ಆಗುತ್ತಲ್ಲ, ಆಗ ಈ ಶ್ಯಾಕಲ್ ತೂಗಿ ಜಾಗ ಕೊಡುತ್ತೆ.

ರಬ್ಬರಿನ ಬದಲು ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ಬುಷ್ ಹಾಕೋಣ ಅಂತ ಹೇಳಿದ್ದು ನಾನೇ. ಭಾವನಿಗೆ ಅಷ್ಟು ಇಷ್ಟ ಇರಲಿಲ್ಲ. "ರಬ್ಬರ್ ಹಾಕು, ಸುಮ್ನೆ ಇರು" ಅಂದರು. ಆದರೆ ರಬ್ಬರಿಗೆ ಡೀಸೆಲ್, ಆಯಿಲ್ ತಾಗಿದರೆ ಊದಿಕೊಂಡು ಮೆತ್ತಗಾಗುತ್ತೆ, ನಮ್ಮ ಶೆಡ್ಡಿನಲ್ಲಿ ಅವೆರಡಕ್ಕೂ ಬರ ಇಲ್ಲ. ಪಾಲಿ ಅದನ್ನೆಲ್ಲ ತಡೆಯುತ್ತೆ, ರಬ್ಬರಿಗಿಂತ ಗಟ್ಟಿ. ಹಾಗಂತ ಅದಕ್ಕೆ ಸಾವೇ ಇಲ್ಲ ಅಂತಲ್ಲ. ಅದರಲ್ಲೇ ಒಂದು ಜಾತಿ ತೇವಕ್ಕೆ ಒಳಗಿಂದಲೇ ಪುಡಿಯಾಗುತ್ತೆ. ನಮ್ಮ ಮನೆಯಲ್ಲಿ ಎರಡು ಮಳೆಗಾಲ ಬೀರುವಿನಲ್ಲಿ ಇಟ್ಟ ಶೂಗಳ ಅಡಿ ಕೇಕಿನ ಹಾಗೆ ಉದುರಿದ್ದು ನೆನಪಿತ್ತು, ಅದೂ ಪಾಲಿಯುರೆಥೇನೇ. ಹಾಗಾಗಿ ಮುಂದಿನ ಎರಡು ಸ್ಪ್ರಿಂಗಿಗೆ ಮಾತ್ರ ತರಿಸಿದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಿಂದ ಬಸ್ಸಲ್ಲಿ ಪಾರ್ಸೆಲ್ ಬಂತು. ಕೆಂಪು ಬಣ್ಣದ ಅರ್ಧ ಅರ್ಧ ತುಂಡುಗಳು, ಅವುಗಳೊಳಗೆ ಬೋಲ್ಟಿನ ಸುತ್ತ ಕೂರುವ ಕಬ್ಬಿಣದ ಕೊಳವೆಗಳಾದ ಸ್ಲೀವ್‌ಗಳು.

ಹೊಸದನ್ನು ಹಾಕೋದು ಅರ್ಧ ಗಂಟೆಯ ಕೆಲಸ. ಹಳೆಯದನ್ನು ಬಿಚ್ಚೋಕೆ ಒಂದೂವರೆ ದಿನ ಬೇಕಾಯಿತು. ಬೋಲ್ಟು ತುಕ್ಕು ಹಿಡಿದು ಒಳಗಿನ ಸ್ಲೀವಿಗೇ ಅಂಟಿತ್ತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟಿದ್ದೆವು, ಆದರೂ ಒಂದು ಬೋಲ್ಟನ್ನು ಗ್ರೈಂಡರಿನಲ್ಲಿ ಕತ್ತರಿಸಲೇಬೇಕಾಯಿತು. ನಮ್ಮ ಡ್ರೈವರ್ "ಬೆಂಕಿ ಕೊಟ್ಟು ರಬ್ಬರ್ ಸುಟ್ಟುಬಿಡಿ" ಅಂದ. ಭಾವ ರೇಗಿದರು. ಸ್ಪ್ರಿಂಗ್ ಕಾಯಿಸಿದರೆ ಅದರ ಹದ ಹೋಗುತ್ತೆ, ಆಮೇಲೆ ಅದು ಬರೀ ಪಟ್ಟಿ.

ಕೊನೆಗೆ ಡ್ರಿಲ್ಲಿನಲ್ಲಿ ರಬ್ಬರ್ ಸುತ್ತ ತೂತು ಹೊಡೆದು ಒಳಗಿನದನ್ನು ಹೊರಗೆ ತಳ್ಳಿದೆವು. ಬಳೆಯೊಳಗೆ ಹೊರಕವಚ ಉಳಿಯಿತು, ಕಬ್ಬಿಣದ ತೆಳು ತಗಡು. ಭಾವ ಹ್ಯಾಕ್ಸಾ ಬ್ಲೇಡನ್ನು ಚೌಕಟ್ಟಿನಿಂದ ಬಿಚ್ಚಿ, ಬಳೆಯೊಳಗೆ ತೂರಿಸಿ, ಮತ್ತೆ ಚೌಕಟ್ಟಿಗೆ ಕಟ್ಟಿದರು. ಉದ್ದಕ್ಕೆ ಒಂದೇ ಗೀರು ಕೊಯ್ದರು. ಜಾಸ್ತಿ ಕೊಯ್ದರೆ ಬ್ಲೇಡ್ ಸ್ಪ್ರಿಂಗಿಗೇ ತಾಗುತ್ತೆ, ಆ ಗೀರಿನಿಂದಲೇ ಮುಂದೆ ಬಿರುಕು ಬಿಡುತ್ತೆ. ಅವರು ಕಣ್ಣಿಂದ ನೋಡುತ್ತಿರಲಿಲ್ಲ, ತಲೆ ಓರೆ ಮಾಡಿ ಕೇಳುತ್ತಿದ್ದರು. ಕಿರ್ ಕಿರ್ ಅನ್ನುತ್ತಿದ್ದ ಸದ್ದು ಚೂರು ತೆಳ್ಳಗಾಯಿತು ನೋಡಿ, ಅಲ್ಲಿಗೆ ಕೈ ನಿಂತಿತು. ಆಮೇಲೆ ಚಿಕ್ಕ ಉಳಿಯಿಂದ ಎರಡು ಪೆಟ್ಟು. ತಗಡು ಒಳಕ್ಕೆ ಮಡಚಿಕೊಂಡು ಟಣ್ ಅಂತ ನೆಲಕ್ಕೆ ಬಿತ್ತು.

ಬಳೆಯ ಒಳಭಾಗ ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಬುಷ್ಷಿಗೆ ಸಿಲಿಕಾನ್ ಗ್ರೀಸ್ ಹಚ್ಚಿ, ಕೈಯಲ್ಲೇ ಒತ್ತಿದೆವು. ಈ ಗ್ರೀಸ್ ಮುಖ್ಯ. ರಬ್ಬರ್ ಬುಷ್ ಎರಡೂ ಕಡೆ ಲೋಹಕ್ಕೆ ಅಂಟಿಕೊಂಡು ತಾನೇ ತಿರುಚಿಕೊಳ್ಳುತ್ತೆ. ಪಾಲಿ ಹಾಗಲ್ಲ, ಅದರೊಳಗೆ ಸ್ಲೀವ್ ತಿರುಗಬೇಕು. ಒಣಗಿದರೆ ಹಳೇ ಜೋಕಾಲಿ ಥರ ಕಿರುಗುಟ್ಟುತ್ತೆ.

ಎಲ್ಲ ಬಿಗಿದು, ಗಾಡಿ ಕೆಳಗಿಳಿಸಿ, ಗೇಟಿನವರೆಗೆ ಹೋಗಿ ಬಂದೆ. ಕಟಕ್ ಇಲ್ಲ. ಆದರೆ ಎತ್ತಿನ ಗಾಡಿಯಲ್ಲಿ ಕೂತ ಹಾಗಿತ್ತು. ಬಂಪರ್ ಮೇಲೆ ನಾನೂ ಡ್ರೈವರೂ ಹತ್ತಿ ಕುಣಿದರೂ ಮುಂಭಾಗ ಮೊದಲಿನ ಹಾಗೆ ಇಳಿಯಲಿಲ್ಲ. ಭಾವ ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿ ಇತ್ತು.

ಮತ್ತೆ ಬಿಚ್ಚಿ ನೋಡಿದಾಗ ಗೊತ್ತಾಯಿತು. ಸ್ಲೀವ್ ಬುಷ್ಷಿಗಿಂತ ಕೂದಲೆಳೆಯಷ್ಟಾದರೂ ಉದ್ದ ಇರಬೇಕು. ಆಗ ಬೋಲ್ಟ್ ಬಿಗಿದಾಗ ಎರಡೂ ಪಕ್ಕದ ಕಬ್ಬಿಣದ ಬ್ರ್ಯಾಕೆಟ್ ಹಿಡಿಯೋದು ಸ್ಲೀವನ್ನು, ಬುಷ್ ಸ್ವತಂತ್ರ. ನನಗೆ ಬಂದ ಸ್ಲೀವ್‌ಗಳು ಬುಷ್ಷಿನ ಅಂಚಿಗಿಂತ ಒಂದು ಮಿಲಿಮೀಟರ್ ಒಳಗಿದ್ದವು. ಬ್ರ್ಯಾಕೆಟ್ ಬುಷ್ಷನ್ನೇ ಅಮುಕಿ ಹಿಡಿದಿತ್ತು, ಸ್ಪ್ರಿಂಗ್ ತಿರುಗೋದು ಎಲ್ಲಿಂದ? ಹಾಕೋ ಮೊದಲು ಬೆರಳು ಸವರಿದ್ದರೆ ಸಾಕಿತ್ತು, ತಿಳಿಯುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. "ಎಲ್ಲರೂ ಹಂಗೇ ಹಾಕ್ತಾರೆ ಸರ್" ಅಂದರು.

ಮೂಡಿಗೆರೆಯ ಲೇತ್ ಅಂಗಡಿಗೆ ಹೋದೆ. ಬುಷ್ಷಿನ ಅಂಚನ್ನೇ ಒಂದು ಮಿಲಿಮೀಟರ್ ಕೆರೆದುಕೊಡಿ ಅಂದರೆ, ಲೇತಿನವರು ಉಗುರಿಂದ ಒತ್ತಿ ನೋಡಿ ತಲೆಯಾಡಿಸಿದರು. "ಇದು ಟೂಲ್ ಮುಂದೆ ಓಡಿಹೋಗುತ್ತೆ ಸರ್. ರಾತ್ರಿ ಫ್ರೀಜರಲ್ಲಿಟ್ಟು ತನ್ನಿ, ನೋಡಾಣ. ಇಲ್ಲಾಂದ್ರೆ ಸ್ಲೀವೇ ಹೊಸದು ಮಾಡ್ಕೊಡ್ತೀನಿ." ಅಮ್ಮನ ಫ್ರೀಜರಿನಲ್ಲಿ ಮೀನಿನ ಪಕ್ಕ ಗ್ರೀಸ್ ಬಳಿದ ಬುಷ್ ಇಡುವ ಧೈರ್ಯ ನನಗಿಲ್ಲ. ಸ್ಲೀವೇ ಮಾಡಿಸಿದೆ. ಎರಡು ಬದಿಗೂ ಎರಡೆರಡು, ಅರ್ಧ ಮಿಲಿಮೀಟರ್ ಉದ್ದ ಇಟ್ಟು.

ಈಗ ಮುಂಭಾಗ ಸರಿಯಾಗಿ ಇಳಿದು ಏಳುತ್ತೆ. ಬ್ರೇಕ್ ಒತ್ತಿದರೆ ನೇರ ನಿಲ್ಲುತ್ತೆ. ಸಣ್ಣ ಕಲ್ಲುಗಳ ಮೇಲೆ ಹೋಗುವಾಗ ಸ್ಟೇರಿಂಗಿಗೆ ಮೊದಲಿಗಿಂತ ಅದುರು ಜಾಸ್ತಿ ಬರುತ್ತೆ, ಸುಳ್ಳು ಹೇಳಲ್ಲ. ಅಪ್ಪ ಮೊದಲ ದಿನವೇ ಅದನ್ನು ಗುರುತು ಹಿಡಿದರು.

ಹಿಂದಿನ ಸ್ಪ್ರಿಂಗುಗಳಿಗೆ ರಬ್ಬರನ್ನೇ ಹಾಕಿದ್ದೇವೆ, ಭಾವನ ಆಯ್ಕೆ. ಮುಂದಿನ ನಟ್ಟುಗಳ ಮೇಲೆ ಬಿಳಿ ಪೇಂಟಿನಲ್ಲಿ ಒಂದೊಂದು ಗೆರೆ ಎಳೆದಿದ್ದೇನೆ. 500 ಕಿಲೋಮೀಟರ್ ಆದ ಮೇಲೆ ನಟ್ಟು ಸಡಿಲವಾಗಿ ಗೆರೆ ಕದಲಿದೆಯಾ ನೋಡಬೇಕು. ಈಗ 310 ಆಗಿದೆ.